ಬಂಕಿನ ಪೆಟ್ರೋಲಿನ ಹೊಗೆ ಯಾರ ಲೆಕ್ಕಕ್ಕೆ?

ಇಂಡಿಯನ್ ಆಯಿಲ್ 2046ಕ್ಕೆ ನೆಟ್ ಝೀರೋ (ಬಿಟ್ಟಷ್ಟು ಇಂಗಾಲದ ಹೊಗೆಯನ್ನು ವಾಪಸ್ ತೆಗೆದು ಲೆಕ್ಕ ಸೊನ್ನೆ ಮಾಡುವುದು) ಅನ್ನುತ್ತಿದೆ, ತುಮಕೂರಿನ ಬಿ.ಎಚ್. ರಸ್ತೆ ಬಂಕಿನಲ್ಲಿ ನಾನು ಹಾಕಿಸುವ ಪೆಟ್ರೋಲಿನ ಹೊಗೆಯೂ ಅದರಲ್ಲಿ ಸೇರಿದೆಯಾ ಅಂತ ಕೇಳಿದ್ದೀರಿ. ಇಲ್ಲ ಸರ್, ಸೇರಿಲ್ಲ.

ಆ ಗುರಿ ಕಂಪನಿಯ ಸ್ವಂತ ಕೆಲಸದ ಹೊಗೆಗೆ ಮಾತ್ರ. ರಿಫೈನರಿಯಲ್ಲಿ ಉರಿಸುವ ಇಂಧನ, ಹೊರಗಿಂದ ಕೊಂಡ ಕರೆಂಟು, ಅಷ್ಟೇ. ಇವನ್ನು ಸ್ಕೋಪ್ 1, ಸ್ಕೋಪ್ 2 ಅನ್ನುತ್ತಾರೆ. ನಿಮ್ಮ ಬೈಕು, ಶಿರಾ ಕಡೆ ಹೋಗುವ ಲಾರಿ ಬಿಡುವ ಹೊಗೆ ಸ್ಕೋಪ್ 3. ಎಣ್ಣೆ ವ್ಯಾಪಾರದ ಹೊಗೆಯಲ್ಲಿ ಬಹುಪಾಲು ಇದೇ. ಅಡುಗೆಮನೆ ತೊಳೆದು ಮನೆಯೆಲ್ಲ ಕ್ಲೀನ್ ಅಂದ ಹಾಗಾಯಿತು, ಅಲ್ವಾ?

ವಾರ್ಷಿಕ ವರದಿಯಲ್ಲಿ ಬಿಆರ್‌ಎಸ್‌ಆರ್ ಭಾಗ (ಪರಿಸರ, ಸಮಾಜದ ವಿಷಯದಲ್ಲಿ ಕಂಪನಿ ಕೊಡುವ ಲೆಕ್ಕ) ತೆಗೆದು ನೋಡಿ. ಷೇರುಪೇಟೆಯ ಮೊದಲ 1000 ಕಂಪನಿಗಳಿಗೆ ಷೇರುಪೇಟೆಯ ನಿಯಂತ್ರಕ ಸೆಬಿ ಅದನ್ನು 2022-23ರಿಂದ ಕಡ್ಡಾಯ ಮಾಡಿದೆ. ಸ್ಕೋಪ್ 1, 2 ಅಲ್ಲಿ ಸಿಗುತ್ತವೆ. ಸ್ಕೋಪ್ 3 ಮಾತ್ರ ಕಂಪನಿಯ ಇಷ್ಟ, ನನಗೆ ಸಿಟ್ಟು ಬರುವುದೇ ಇಲ್ಲಿ.

ಗುರಿ ಬದಲಾಗುವುದೂ ಉಂಟು. 2030ರೊಳಗೆ ಎಣ್ಣೆ, ಗ್ಯಾಸ್ ಉತ್ಪಾದನೆ ಶೇ. 40 ಇಳಿಸುತ್ತೇವೆ ಅಂತ ಬ್ರಿಟನ್ನಿನ ಎಣ್ಣೆ ಕಂಪನಿ ಬಿಪಿ 2020ರಲ್ಲಿ ಹೇಳಿತ್ತು. 2023ರಲ್ಲಿ ಅದು ಶೇ. 25 ಆಯಿತು, 2025ರಲ್ಲಿ ಅದನ್ನೂ ಕೈಬಿಟ್ಟಿತು. ಹಾಗಾಗಿ ಸುಮ್ನೆ ಒಂದೇ ವರದಿ ಓದಬೇಡಿ, ಮೂರ್ನಾಲ್ಕು ವರ್ಷದ್ದು ಪಕ್ಕಪಕ್ಕ ಇಟ್ಟು ನೋಡಿ.