ರೇಡಿಯೋ ಶಿಳ್ಳೆ ಹಾಕಿದ ಸಾಲಿನಿಂದ ಶುರು ಮಾಡಿ

ನಮಸ್ಕಾರ,

ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ರಿಪೇರಿ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ನಿರಲೂ ಮನಸ್ಸಾಗಲಿಲ್ಲ. ನಿಮ್ಮ ಕೈ ಸುಟ್ಟ ಅನುಭವ ಅದರಲ್ಲಿದೆ. ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಹಾಕಿ. 1947ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಕಥೆ ಇಲ್ಲಿ ಬೇಡ. ಈ ಲೇಖನ ಓದಲು ಬರುವವರ ಮುಂದೆ ಬಿಚ್ಚಿಟ್ಟ ಆಂಪ್ಲಿಫೈಯರ್ ಇರುತ್ತದೆ, ಅದರ ಹೀಟ್ ಸಿಂಕ್ ಮುಟ್ಟಲಾಗದಷ್ಟು ಬಿಸಿಯಾಗಿರುತ್ತದೆ. ಅವರನ್ನು ಕಾಯಿಸಬೇಡಿ.

ನಿಮ್ಮ ಕಥೆ ನನಗೆ ಅರ್ಥವಾದದ್ದು ಹೀಗೆ. 50 ವಾಟ್‌ನ ಹಳೆಯ ಆಂಪ್ಲಿಫೈಯರ್. ಒಂದು ಚಾನೆಲ್ ಸತ್ತಿತ್ತು. ಔಟ್‌ಪುಟ್‌ನ 2ಎನ್3055 ಜೋಡಿ ಬದಲಾಯಿಸಿದಿರಿ. ಹಾಡು ಬಂತು. ಆದರೆ ಹಾಡು ಇಲ್ಲದಾಗಲೂ ಐದೇ ನಿಮಿಷಕ್ಕೆ ಹೀಟ್ ಸಿಂಕ್ ಕಾದು ಕೆಂಡ. ಹಾಡಿಲ್ಲದಾಗ ಹರಿಯುವ ಕರೆಂಟ್ ಹೊಂದಿಸುವ ಬಯಾಸ್ ಪ್ರಿಸೆಟ್ ತಿರುಗಿಸಿದರೂ ಕಡಿಮೆಯಾಗಲಿಲ್ಲ. ಇನ್ನೊಂದು ಜೋಡಿಯೂ ಸುಟ್ಟಿತು. ಕೊನೆಗೆ ಗೆಳೆಯರೊಬ್ಬರ ಆಸಿಲೋಸ್ಕೋಪ್‌ನಲ್ಲಿ 600 ಕಿಲೋಹರ್ಟ್ಜ್ ಸುತ್ತಮುತ್ತ ಆಸಿಲೇಶನ್ ಕಂಡಿತು, ಅಂದರೆ ಇನ್‌ಪುಟ್ ಇಲ್ಲದೆಯೇ ಆಂಪ್ಲಿಫೈಯರ್ ತಾನಾಗಿ ಸಿಗ್ನಲ್ ಹುಟ್ಟಿಸುತ್ತಿತ್ತು. 220 ಪಿಕೋಫ್ಯಾರಡ್ ಕೆಪಾಸಿಟರ್ ಒಂದನ್ನು ಬೆಸೆದಿರಿ, ನಿಂತುಹೋಯಿತು.

ಇದರ ಮಧ್ಯೆ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ: 'ಆಂಪ್ಲಿಫೈಯರ್ ಆನ್ ಮಾಡಿದಾಗಲೆಲ್ಲ ಮೇಜಿನ ಮೇಲಿದ್ದ ರೇಡಿಯೋ ಶಿಳ್ಳೆ ಹಾಕುತ್ತಿತ್ತು.' ಲೇಖನ ಇಲ್ಲಿಂದಲೇ ಶುರುವಾಗಬೇಕು! ಮೀಡಿಯಂ ವೇವ್ ರೇಡಿಯೋ ಹಿಡಿಯುವುದು ಸುಮಾರು 530ರಿಂದ 1600 ಕಿಲೋಹರ್ಟ್ಜ್. ನಿಮ್ಮ ಆಂಪ್ಲಿಫೈಯರ್ ಅದೇ ಜಾಗದಲ್ಲಿ ಒಂದು ಸಣ್ಣ ಟ್ರಾನ್ಸ್‌ಮಿಟರ್ ಆಗಿ ಕೂತಿತ್ತು. ಅದು ರೇಡಿಯೋ ಸ್ಟೇಷನ್ ಜೊತೆ ಸೇರಿ ಶಿಳ್ಳೆಯಾಗಿ ಕೇಳಿತು. ಸ್ಕೋಪ್ ಇಲ್ಲದವರು ಎಷ್ಟೋ ಜನ ಇದ್ದಾರೆ. ಒಂದು ರೇಡಿಯೋ ಪಕ್ಕದಲ್ಲಿಟ್ಟು ಮುಳ್ಳು ತಿರುಗಿಸುತ್ತಾ ಹೋದರೆ ಅನುಮಾನ ಪಡಲು ಅಷ್ಟು ಸಾಕು ಅಂತ ಅವರಿಗೆ ಹೇಳಿ. ಎರಡನೇ ಜೋಡಿ ಸುಡುವ ಮುಂಚೆಯೇ ನಿಮಗೆ ಆ ಸುಳಿವು ಸಿಕ್ಕಿತ್ತು, ಅಲ್ವಾ?

'ಆಸಿಲೇಶನ್ ಆದರೆ ಸ್ಪೀಕರ್ ಕಿರುಚುತ್ತದೆ' ಎಂಬ ನಿಮ್ಮ ಮಾತು ತಪ್ಪು ದಾರಿಗೆ ಎಳೆಯುತ್ತದೆ. 20 ಕಿಲೋಹರ್ಟ್ಜ್ ದಾಟಿದ್ದು ನಮ್ಮ ಕಿವಿಗೆ ಕೇಳುವುದಿಲ್ಲ. ಔಟ್‌ಪುಟ್‌ನಲ್ಲಿ ಮಲ್ಟಿಮೀಟರ್ ಇಟ್ಟರೆ ಡಿಸಿ ಸೊನ್ನೆಯನ್ನೇ ತೋರಿಸಬಹುದು. ಟ್ರಾನ್ಸಿಸ್ಟರ್ ಮಾತ್ರ ಬೇಯುತ್ತಿರುತ್ತದೆ. ಪುಟ್ ಪುಟ್ ಅಂತ ಮೋಟರ್ ದೋಣಿ ಹಾಗೆ ಕೇಳುವುದು ಬೇರೆ ತೊಂದರೆ. ಅದಕ್ಕೆ ಹೆಚ್ಚಾಗಿ ಪವರ್ ಸಪ್ಲೈ ದಾರಿಯ ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಕಾರಣ. ಎರಡನ್ನೂ ಒಂದೇ ಪ್ಯಾರಾದಲ್ಲಿ ಕಲಸಬೇಡಿ.

ಈಗ ಮುಖ್ಯವಾದ ತಕರಾರು. ಲೇಖನದ ಕೊನೆಯಲ್ಲಿ 'ದೋಷ ಸಿಕ್ಕಿತು' ಅಂತ ಬರೆದಿದ್ದೀರಿ. ನನ್ನ ಪ್ರಕಾರ ಇನ್ನೂ ಸಿಕ್ಕಿಲ್ಲ. ಆಸಿಲೇಶನ್ ನಿಂತಿದೆ, ಅಷ್ಟೇ.

ನೀವು ಕಳಿಸಿದ ಫೋಟೋ ನೋಡಿ. ಔಟ್‌ಪುಟ್ ಹತ್ತಿರದ 10 ಓಮ್ ರೆಸಿಸ್ಟರ್ ಕಪ್ಪಾಗಿದೆ. ಅದಕ್ಕೆ ಸೀರೀಸ್‌ನಲ್ಲಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆ. ಅದು ಜೋಬೆಲ್ ಜೋಡಿ, ಆಸಿಲೇಶನ್ ತಡೆಯಲು ಔಟ್‌ಪುಟ್‌ನಲ್ಲಿ ಇಡುವ ಕಾವಲು. 1 ಕಿಲೋಹರ್ಟ್ಜ್‌ನಲ್ಲಿ ಆ ಕೆಪಾಸಿಟರ್ ಸುಮಾರು 1,600 ಓಮ್ ತಡೆ ಒಡ್ಡುತ್ತದೆ. ಹಾಗಾಗಿ ಹಾಡಿನ ಕರೆಂಟ್ ಆ ದಾರಿಯಲ್ಲಿ ಹೆಚ್ಚು ಹರಿಯುವುದೇ ಇಲ್ಲ. 600 ಕಿಲೋಹರ್ಟ್ಜ್‌ನಲ್ಲಿ ಅದೇ ತಡೆ 3 ಓಮ್‌ಗೂ ಕಡಿಮೆ. ಆ ರೆಸಿಸ್ಟರ್ ಸುಟ್ಟಿದೆ ಎಂದರೆ ಅಲ್ಲಿ ಹೈ ಫ್ರೀಕ್ವೆನ್ಸಿ ಹರಿದಿದೆ ಎಂದೇ ಅನುಮಾನಿಸಬೇಕು. ಅದು ಪೂರ್ತಿ ಓಪನ್ ಆಗಿದ್ದರೆ ಆಸಿಲೇಶನ್ ತಡೆಯಬೇಕಿದ್ದ ಕಾವಲೇ ಇಲ್ಲ. ನೀವು ಅದನ್ನು ಅಳೆದ ಬಗ್ಗೆ ಒಂದು ಮಾತೂ ಇಲ್ಲ.

ಎರಡನೆಯದು, ಆ ಟ್ರಾನ್ಸಿಸ್ಟರ್. 'ಅದೇ ನಂಬರ್, ಆದ್ದರಿಂದ ಅದೇ ಟ್ರಾನ್ಸಿಸ್ಟರ್' ಎಂದಿದ್ದೀರಿ. ಹಾಗಲ್ಲ. ಹಳೆಯ ಕಾಲದ 2ಎನ್3055ರ ಎಫ್‌ಟಿ (ಟ್ರಾನ್ಸಿಸ್ಟರ್ ಎಷ್ಟು ಚುರುಕು ಎಂಬುದರ ಅಳತೆ) 0.8 ಮೆಗಾಹರ್ಟ್ಜ್ ಆಸುಪಾಸು. ಈಗಿನವುಗಳದ್ದು ಕನಿಷ್ಠ 2.5. ಒಳಗಿನ ತಯಾರಿಕೆಯೇ ಬೇರೆ. ನಿಧಾನದ ಟ್ರಾನ್ಸಿಸ್ಟರ್ ಲೆಕ್ಕದಲ್ಲಿ ಮಾಡಿದ ಬೋರ್ಡಿಗೆ ಚುರುಕಿನದ್ದು ಹಾಕಿದರೆ, ಔಟ್‌ಪುಟ್‌ನ ಒಂದು ಪಾಲನ್ನು ಇನ್‌ಪುಟ್ ಕಡೆಗೆ ಮರಳಿಸುವ ಫೀಡ್‌ಬ್ಯಾಕ್‌ನ ಲೆಕ್ಕ ತಪ್ಪುತ್ತದೆ. ರಿಪೇರಿ ಮಾಡಿದ ಮೇಲೆಯೇ ಈ ಕಾಯಿಲೆ ಯಾಕೆ ಶುರುವಾಯಿತು ಎಂಬ ಪ್ರಶ್ನೆಯನ್ನು ನೀವು ಕೇಳಿಕೊಂಡೇ ಇಲ್ಲ. ಓದುಗರು ಖಂಡಿತ ಕೇಳುತ್ತಾರೆ.

ಆ 220 ಪಿಕೋಫ್ಯಾರಡ್‌ಗೆ ಒಂದು ಬೆಲೆಯೂ ಇದೆ. ಆ ಜಾಗದಲ್ಲಿ ಮೊದಲೇ 100 ಪಿಕೋಫ್ಯಾರಡ್ ಇತ್ತು, ಈಗ ಒಟ್ಟು 320. ನಿಮ್ಮ ಸರ್ಕ್ಯೂಟ್ ಚಿತ್ರದ ಪ್ರಕಾರ ಇನ್‌ಪುಟ್ ಜೋಡಿಯ ಒಟ್ಟು ಕರೆಂಟ್ 1 ಮಿಲಿಆಂಪ್. ಸ್ಲೂ ರೇಟ್, ಅಂದರೆ ಔಟ್‌ಪುಟ್ ವೋಲ್ಟೇಜ್ ಬದಲಾಗಬಲ್ಲ ವೇಗ, ಮೈಕ್ರೋಸೆಕೆಂಡಿಗೆ 10 ವೋಲ್ಟ್ ಇದ್ದದ್ದು ಸುಮಾರು 3ಕ್ಕೆ ಇಳಿಯಿತು. 8 ಓಮ್‌ಗೆ 50 ವಾಟ್, ಅದೂ 20 ಕಿಲೋಹರ್ಟ್ಜ್‌ನಲ್ಲಿ ಬೇಕೆಂದರೆ ಮೂರೂವರೆ ಬೇಕು. ಸ್ಥಿರವಾಯಿತು ನಿಜ, ಆದರೆ ಮೇಲಿನ ತುದಿಯಲ್ಲಿ ಪೂರ್ತಿ ಪವರ್ ಕೊಡಲಾಗದ ಆಂಪ್ಲಿಫೈಯರ್ ಆಯಿತು. ಇದನ್ನು ಹೇಳದೆ ಬೇರೆಯವರಿಗೆ ಅದೇ ಮದ್ದು ಬರೆದುಕೊಡುವುದು ಸರಿಯಲ್ಲ.

ಸೀರೀಸ್ ಬಲ್ಬ್ ವಿಷಯ ಲೇಖನದಲ್ಲಿ ಎಲ್ಲೂ ಇಲ್ಲ. ಅದಿಲ್ಲದೆ ನಾನು ಯಾವ ರಿಪೇರಿ ಲೇಖನವನ್ನೂ ಹಾಕುವುದಿಲ್ಲ. ಮೇನ್ಸ್‌ಗೆ 60 ಅಥವಾ 100 ವಾಟ್‌ನ ಫಿಲಮೆಂಟ್ ಬಲ್ಬ್ ಸೀರೀಸ್‌ನಲ್ಲಿ ಹಾಕಿದ್ದರೆ ನಿಮ್ಮ ಎರಡನೇ ಜೋಡಿ ಬಹುಶಃ ಉಳಿಯುತ್ತಿತ್ತು. ಕರೆಂಟ್ ಅತಿಯಾದರೆ ಆ ಬಲ್ಬೇ ಅದನ್ನು ತಡೆಯುತ್ತದೆ. ಬಲ್ಬ್ ಹೊತ್ತಿ ಮಂಕಾದರೆ ಸರಿ. ಜೋರಾಗಿಯೇ ಉರಿಯುತ್ತಿದ್ದರೆ ಪ್ಲಗ್ ತೆಗೆಯಬೇಕು, ಪವರ್ ಸಪ್ಲೈನ ದೊಡ್ಡ ಕೆಪಾಸಿಟರ್‌ಗಳು ಖಾಲಿಯಾಗುವವರೆಗೆ ಬೋರ್ಡ್ ಮುಟ್ಟಬಾರದು.

ಭಾಷೆಯ ಬಗ್ಗೆ ಎರಡು ಮಾತು. 'ಆಂದೋಲನ' ಅಂತ ಬರೆದಿದ್ದೀರಿ. ಓದುವವರ ಕಣ್ಣಿಗೆ ಮೆರವಣಿಗೆ, ಘೋಷಣೆ ಬರುತ್ತದೆ. ಆಸಿಲೇಶನ್ ಎಂದೇ ಇರಲಿ. 'ಧಾರಕ'ವೂ ಬೇಡ, ಸೋಲ್ಡರಿಂಗ್ ಐರನ್ ಹಿಡಿದವರೆಲ್ಲ ಕೆಪಾಸಿಟರ್ ಅಂತಲೇ ಹೇಳುತ್ತಾರೆ. 'ಅಳೆಯಲಾಯಿತು', 'ಬದಲಾಯಿಸಲಾಯಿತು' ಜಾಸ್ತಿ ಆಗಿವೆ. ಅಳೆದವರು ನೀವು. 'ಅಳೆದೆ' ಅಂತ ಬರೆಯಿರಿ. ಆಗ ತಪ್ಪು ಮಾಡಿದ ಕಡೆ 'ತಪ್ಪಿದೆ' ಅಂತ ಬರೆಯುವುದೂ ಸುಲಭವಾಗುತ್ತದೆ.

ತಿದ್ದುವ ಮೊದಲು ಇನ್ನೊಂದು ಸಲ ಮೇಜಿಗೆ ಹೋಗಿ. ಆ 10 ಓಮ್ ರೆಸಿಸ್ಟರಿನ ಒಂದು ಕಾಲು ಬಿಚ್ಚಿ ಅಳೆಯಿರಿ, ಕೆಟ್ಟಿದ್ದರೆ ಬದಲಾಯಿಸಿ. ಬೋರ್ಡಿನ ಸಪ್ಲೈ ಕೆಪಾಸಿಟರ್‌ಗಳನ್ನೂ ನೋಡಿ. ಆಮೇಲೆ 220 ಪಿಕೋಫ್ಯಾರಡ್ ತೆಗೆದು, ಬಲ್ಬ್ ಹಾಕಿಕೊಂಡು ಆನ್ ಮಾಡಿ. ಸ್ಕೋಪ್ ಪ್ರೋಬಿನ ಸ್ವಿಚ್ಚನ್ನು ಹತ್ತರಲ್ಲಿಡಿ (10X). ಒಂದರಲ್ಲಿಟ್ಟರೆ (1X) ಪ್ರೋಬೇ ಸುಮಾರು 100 ಪಿಕೋಫ್ಯಾರಡ್ ಸೇರಿಸಿ ಆಟ ಕೆಡಿಸಬಹುದು. ಆಸಿಲೇಶನ್ ಮತ್ತೆ ಬಂದರೆ 47 ಪಿಕೋಫ್ಯಾರಡ್‌ನಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಏರಿಸಿ. ಸ್ಪೀಕರ್ ಬದಲು 8 ಓಮ್ ಲೋಡ್ ಹಾಕಿ, 10 ಕಿಲೋಹರ್ಟ್ಜ್ ಸ್ಕ್ವೇರ್ ವೇವ್ ಕೊಟ್ಟು, ಅದರ ಮೂಲೆಗಳಲ್ಲಿ ಅಲೆ ಏಳುತ್ತದೆಯೇ ನೋಡಿ. ಬರಲಿ, ಬಾರದಿರಲಿ, ಕಂಡದ್ದನ್ನು ಕಂಡ ಹಾಗೇ ಬರೆದು ಕಳಿಸಿ. ಸ್ಕ್ವೇರ್ ವೇವ್‌ನ ಫೋಟೋ ಇದ್ದರೆ ಅದನ್ನೂ ಸೇರಿಸಿ. ಕಾಯುತ್ತಿರುತ್ತೇನೆ.

— ಸಂಪಾದಕ