ತಮ್ಮನನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರೆ ಪೊಲೀಸ್ ಕೇಸ್ ಆಗುತ್ತಾ?

ತಮ್ಮ ಎರಡು ತಿಂಗಳಿಂದ ತಲೆನೋವು, ನಿದ್ದೆ ಇಲ್ಲ ಅಂತ ಡಾಕ್ಟರ ಹತ್ತಿರ ಅಲೆಯುತ್ತಿದ್ದಾನೆ, ರಿಪೋರ್ಟ್ ಎಲ್ಲ ನಾರ್ಮಲ್, ಮೊನ್ನೆ 'ನಾನು ಇಲ್ಲದಿದ್ರೇ ಚೆನ್ನಾಗಿತ್ತು' ಅಂದ ಎಂದು ಬರೆದಿದ್ದೀರಿ. ಸುಮ್ನೆ ಅಂದಿರಬಹುದು ಅಂತ ದಯವಿಟ್ಟು ಬಿಡಬೇಡಿ.

ನಮ್ಮ ಚಿಕ್ಕಪ್ಪ ಗ್ಯಾಸ್ಟ್ರಿಕ್ ಅಂತ ಒಂದೇ ತಿಂಗಳಲ್ಲಿ ಮೂರು ಸಲ ಡಾಕ್ಟರ ಹತ್ತಿರ ಹೋಗಿದ್ದರು. ಮೂರನೇ ಸಲ ಡಾಕ್ಟರು ಚೀಟಿ ಬರೆಯೋದು ನಿಲ್ಲಿಸಿ, 'ಸಾಯಬೇಕು ಅನ್ನಿಸುತ್ತಾ?' ಎಂದು ನೇರವಾಗಿ ಕೇಳಿದರು. ಚಿಕ್ಕಪ್ಪ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಚಿಕಿತ್ಸೆ ಶುರುವಾಗಿದ್ದೇ ಅಲ್ಲಿಂದ.

ಇದು ಅಪರೂಪ ಅಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2002ರ ಒಂದು ವರದಿ ಪ್ರಕಾರ, ಆತ್ಮಹತ್ಯೆಯಿಂದ ತೀರಿಕೊಂಡವರಲ್ಲಿ ಸುಮಾರು ಶೇ. 45 ಮಂದಿ ಕೊನೆಯ ತಿಂಗಳಲ್ಲಿ ಸಾಮಾನ್ಯ ವೈದ್ಯರನ್ನು ಕಂಡಿದ್ದರು. ಮಾನಸಿಕ ಚಿಕಿತ್ಸೆಯ ತನಕ ಹೋದವರು ಶೇ. 20ರಷ್ಟು ಮಾತ್ರ. ಮೈನೋವು ಹೇಳಿಕೊಳ್ಳೋದು ಸುಲಭ, ಮನಸ್ಸಿನದ್ದು ಕಷ್ಟ ಅಲ್ವಾ?

ಹಾಗಾಗಿ ನೀವೇ ಜೊತೆಗೆ ಹೋಗಿ, ಅವನು ಅಂದ ಮಾತನ್ನು ಹಾಗೇ ಡಾಕ್ಟರಿಗೆ ಹೇಳಿ. ನೀವೂ ಅವನನ್ನು 'ಸಾಯಬೇಕು ಅನ್ನಿಸುತ್ತಾ?' ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಜಾಸ್ತಿ ಆಗುತ್ತೆ ಅನ್ನೋದು ತಪ್ಪು.

ಇಂಥ ಯೋಚನೆ ಬರುತ್ತೆ ಅಂತ ಹೇಳಿಕೊಂಡರೆ ಕೇಸ್ ಆಗಲ್ಲ. ಪ್ರಯತ್ನ ಮಾಡಿದವರನ್ನೂ ತೀವ್ರ ಒತ್ತಡದಲ್ಲಿದ್ದವರು ಎಂದೇ ನೋಡಬೇಕು ಅನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ.

ಇವತ್ತೇ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯಲ್ಲಿರೋ ಮಾತ್ರೆ, ಹೊಲದ ಔಷಧಿ ಅವನ ಕೈಗೆ ಸಿಗದಂತೆ ಬೀಗ ಹಾಕಿಡಿ. ಒಬ್ಬನನ್ನೇ ಬಿಡಬೇಡಿ. ಈಗಲೇ ಏನಾದರೂ ಮಾಡಿಕೊಂಡಾನು ಅನ್ನಿಸಿದರೆ ಕಾಯಬೇಡಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ.