ದುಬಾರಿ ಡಿಲೇ ಪೆಡಲ್: ಕಿವಿಗೋ, ಕಾಲಿಗೋ?

ಪ್ರಶ್ನೆ: ನಾನು ಕಟಪಾಡಿಯವನು. ಭಾನುವಾರ ಚರ್ಚಿನ ಗಾಯನ ತಂಡದಲ್ಲಿ ಗಿಟಾರ್ ನುಡಿಸುತ್ತೇನೆ. ಮದುವೆ ಸೀಸನ್ನಿನಲ್ಲಿ ಒಂದು ಬ್ಯಾಂಡಿನ ಜೊತೆ ರೋಸ್ (ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ), ರಿಸೆಪ್ಶನ್ ಅಂತ ಹೋಗುವುದುಂಟು. ಕೊಂಕಣಿ, ತುಳು, ಕನ್ನಡ, ಹಿಂದಿ ಎಲ್ಲ ಹಾಡುಗಳೂ ಇರುತ್ತವೆ. ಈಗ ನನ್ನ ಹತ್ತಿರ ಇರುವುದು ನಾಲ್ಕು ಸಾವಿರದ ಪುಟ್ಟ ಡಿಲೇ ಪೆಡಲ್, ಅಂದರೆ ಗಿಟಾರಿಗೆ ಮರುದನಿ ಕೊಡುವ, ಕಾಲಿನಿಂದ ಒತ್ತುವ ಡಬ್ಬಿ. ಸ್ಟ್ರೈಮನ್ ಕಂಪನಿಯ ಟೈಮ್‌ಲೈನ್ ಎಂಬ ದುಬಾರಿ ಡಿಲೇ ಪೆಡಲ್ ತೆಗೆದುಕೊಳ್ಳಬೇಕೆಂದು ಬಹಳ ದಿನದ ಆಸೆ. ಬೆಂಗಳೂರಿನಲ್ಲಿ ಒಬ್ಬರು ಸೆಕೆಂಡ್ ಹ್ಯಾಂಡ್ 34,000ಕ್ಕೆ ಕೊಡುತ್ತಾರಂತೆ. ದುಬೈಯಲ್ಲಿರುವ ಭಾವ ಕ್ರಿಸ್ಮಸ್‌ಗೆ ಬರುವಾಗ ಹೊಸದನ್ನೇ ತರುತ್ತೇನೆ ಅನ್ನುತ್ತಾರೆ. ಮನೆಯವಳು "ಆ ದುಡ್ಡಿಗೆ ಒಳ್ಳೆ ಫ್ರಿಜ್ ಬರ್ತದೆ" ಅನ್ನುತ್ತಾಳೆ. ನೀವೇ ಹೇಳಿ ಸರ್, ಅಷ್ಟು ಕೊಡಬಹುದಾ?

— ಓದುಗರೊಬ್ಬರು, ಕಟಪಾಡಿ

ಉತ್ತರ: ಫ್ರಿಜ್ಜಿನ ಮಾತಿಗೆ ನಾನು ಬರುವುದಿಲ್ಲ, ಅದನ್ನು ನೀವಿಬ್ಬರೇ ತೀರ್ಮಾನ ಮಾಡಿಕೊಳ್ಳಿ. ಪೆಡಲ್ ಬಗ್ಗೆ ಕೇಳಿದರೆ, ನೀವು ಬರೆದಿರುವ ಕೆಲಸಕ್ಕೆ ಟೈಮ್‌ಲೈನ್ ಬೇಡ. ಆದರೆ ನಾಲ್ಕು ಸಾವಿರದ ಪೆಡಲ್‌ನಲ್ಲೇ ಇದ್ದುಬಿಡಿ ಅಂತಲೂ ನಾನು ಹೇಳುವುದಿಲ್ಲ.

ನುಡಿಸಿದ್ದನ್ನು ಹಿಡಿದಿಟ್ಟು ತುಸು ತಡವಾಗಿ ಮತ್ತೆ ಕೇಳಿಸುವುದು ಡಿಲೇ ಕೆಲಸ. ಒಂದು ಕಾಲದಲ್ಲಿ ಇಷ್ಟಕ್ಕೇ ದೊಡ್ಡ ಯಂತ್ರ ಬೇಕಿತ್ತು. 1959ರಲ್ಲಿ ಬಂದ ಎಕೋಪ್ಲೆಕ್ಸ್, 1974ರ ರೋಲ್ಯಾಂಡ್ ಸ್ಪೇಸ್ ಎಕೋ ಎರಡರ ಒಳಗೂ ಓಡುವ ಟೇಪ್ ಇತ್ತು. ಟೇಪ್ ಸವೆಯುತ್ತಿತ್ತು, ಟೇಪನ್ನು ಓದುವ ಹೆಡ್ ಒರೆಸಬೇಕಿತ್ತು. ಆಮೇಲೆ ಅನಲಾಗ್ ಚಿಪ್ ಬಂತು. 1969ರಲ್ಲಿ ಫಿಲಿಪ್ಸ್ ಕಂಪನಿಯ ಎಂಜಿನಿಯರುಗಳು ಕಂಡುಹಿಡಿದದ್ದು. ಬಾವಿಯಿಂದ ಅಂಗಳದವರೆಗೆ ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ದಾಟಿಸಿದ ಹಾಗೆ ಸಿಗ್ನಲ್ ಚಿಪ್ಪಿನೊಳಗಿನ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ದಾರಿಯಲ್ಲಿ ಸ್ವಲ್ಪ ಚೆಲ್ಲುತ್ತದೆ. ಅದಕ್ಕೇ ಅನಲಾಗ್ ಡಿಲೇಯ ಮರುದನಿ ಮಂದವಾಗಿ, ಬೆಚ್ಚಗೆ ಕೇಳಿಸುವುದು. 1981ರ ಬಾಸ್ ಕಂಪನಿಯ ಡಿಎಂ-2 ಪೆಡಲ್ ಇದೇ ಜಾತಿಯದು, ಮರುದನಿಯನ್ನು ತಡಮಾಡುವುದು ಹೆಚ್ಚೆಂದರೆ 300 ಮಿಲಿಸೆಕೆಂಡ್ (ಸೆಕೆಂಡಿನ ಸಾವಿರದಲ್ಲಿ 300 ಭಾಗ). ಎರಡೇ ವರ್ಷಕ್ಕೆ, 1983ರಲ್ಲಿ, ಅದೇ ಕಂಪನಿ ಡಿಡಿ-2 ತಂದಿತು. ಅಷ್ಟೇ ದೊಡ್ಡ ಡಬ್ಬಿಯಲ್ಲಿ 800 ಮಿಲಿಸೆಕೆಂಡ್, ಅದೂ ಡಿಜಿಟಲ್.

ಅಲ್ಲಿಂದ ಈಚೆಗೆ ಬರೀ ಮರುದನಿ ಅಗ್ಗವಾಗುತ್ತಲೇ ಬಂತು. ನಿಮ್ಮ ಪುಟ್ಟ ಪೆಡಲ್ ಕೂಡ ಅದನ್ನು ಚೆನ್ನಾಗಿಯೇ ಮಾಡುತ್ತದೆ. ಹಾಗಾದರೆ ಉಳಿದ ಮೂವತ್ತು ಸಾವಿರ ಯಾವುದಕ್ಕೆ?

ಸ್ವಲ್ಪ ಭಾಗ ಕಿವಿಗೆ. 2011ರಲ್ಲಿ ಬಂದ ಟೈಮ್‌ಲೈನ್‌ನಲ್ಲಿ ಹನ್ನೆರಡು ಬಗೆಯ ಡಿಲೇ ಇವೆ. ಹಳೆ ಟೇಪಿನ ನಡುಕವನ್ನೂ ಅದು ಅನುಕರಿಸುತ್ತದೆ, ಎಷ್ಟು ನಡುಗಬೇಕೆಂದು ನೀವೇ ತಿರುಗಿಸಿ ಇಡಬಹುದು. ರಾತ್ರಿ ಒಬ್ಬರೇ ಕೂತು ಹೆಡ್‌ಫೋನ್ ಹಾಕಿಕೊಂಡು ನುಡಿಸಿದರೆ ಸೊಗಸೋ ಸೊಗಸು, ಅದರಲ್ಲಿ ಎರಡು ಮಾತಿಲ್ಲ. ಉಳಿದದ್ದೆಲ್ಲ ಕಾಲಿಗೆ. 200 ಪ್ರಿಸೆಟ್ (ಮೊದಲೇ ಹೊಂದಿಸಿ ಉಳಿಸಿಟ್ಟ ಸೌಂಡ್), ಸ್ಟೀರಿಯೋ (ಎಡಕ್ಕೊಂದು, ಬಲಕ್ಕೊಂದು ಸದ್ದು), ಮಿಡಿ (ಬೇರೆ ಉಪಕರಣದಿಂದ ಪೆಡಲ್ ನಡೆಸುವ ಜೋಡಣೆ), 30 ಸೆಕೆಂಡಿನ ಲೂಪರ್ (ನುಡಿಸಿದ್ದನ್ನು ಮತ್ತೆ ಮತ್ತೆ ಸುತ್ತಿಸುವುದು), ಹಾಡಿನ ವೇಗಕ್ಕೆ ಟ್ಯಾಪ್ ಮಾಡುವ ಸ್ವಿಚ್. ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗುವಾಗ ಬಗ್ಗಿ ಗುಬ್ಬಿ (ನಾಬ್) ತಿರುಗಿಸದೆ, ಒಂದೇ ತುಳಿತಕ್ಕೆ ಬೇರೆ ಸೌಂಡ್ ಬರಲಿ ಅಂತ ಈ ಏರ್ಪಾಡು. ಹಾಗಾಗಿ ನೀವು ಕೇಳಿಕೊಳ್ಳಬೇಕಾದದ್ದು "ಸೌಂಡ್ ಎಷ್ಟು ಚೆನ್ನಾಗಿದೆ" ಅಂತ ಅಲ್ಲ. "ಸ್ಟೇಜಿನ ಮೇಲೆ ನನ್ನ ಕಾಲಿಗೆ ಎಷ್ಟು ಕೆಲಸ ಇದೆ" ಅಂತ.

ಇನ್ನು ನಮ್ಮ ಕಡೆಯ ಹಾಲ್‌ಗಳನ್ನು ನೋಡಿ. ನೆಲಕ್ಕೆ ಟೈಲ್ಸ್, ಗೋಡೆಗೆ ಆಯಿಲ್ ಪೇಂಟ್, ಹಿಂದೆ ಸಾಲು ಗಾಜಿನ ಕಿಟಕಿ. ಪರದೆ ಇಲ್ಲ, ಮೆತ್ತೆ ಇಲ್ಲ. ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಸ್ಟೇಜಿನಿಂದ 17 ಮೀಟರ್ ದೂರದ ಗೋಡೆಗೆ ಬಡಿದು ವಾಪಸ್ ಬರಲು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಅಂದರೆ 100 ಮಿಲಿಸೆಕೆಂಡ್. ಗಿಟಾರಿನವರು ಸ್ಲ್ಯಾಪ್‌ಬ್ಯಾಕ್ ಅನ್ನುವುದು ಹೆಚ್ಚುಕಡಿಮೆ ಇದನ್ನೇ. ಹಾಲ್ ಪುಕ್ಕಟೆ ಕೊಡುತ್ತಿದೆ ಮಾರಾಯ್ರೆ! ಅದರ ಮೇಲೆ ನಿಮ್ಮ ಹನ್ನೆರಡು ಬಗೆಯ ಡಿಲೇ ಸುರಿದರೆ ರಾಡಿಯಾಗುತ್ತದೆ. ಎತ್ತರದ ಚಾವಣಿಯ ಹಳೆ ಚರ್ಚುಗಳಲ್ಲಂತೂ ಡಿಲೇ ಆಫ್ ಮಾಡಿದರೇ ಹಾಡಿನ ಮಾತು ಕಿವಿಗೆ ಬೀಳುವುದು. ಒಮ್ಮೆ ಮದುವೆ ಮನೆಯಲ್ಲಿ ಹಿರಿಯರೊಬ್ಬರು ಸ್ಟೇಜಿನ ಹತ್ತಿರ ಬಂದು "ನಿಮ್ಮಲ್ಲಿ ಗಿಟಾರ್ ಎರಡು ಉಂಟಾ? ಒಬ್ಬ ಲೇಟಾಗಿ ಬಾರಿಸ್ತಾನಲ್ಲ" ಅಂತ ನನ್ನನ್ನೇ ಕೇಳಿದ್ದರು.

ಸ್ಟೀರಿಯೋ ಕಥೆಯೂ ಅಷ್ಟೇ. ಊರಿನ ಸೌಂಡ್‌ನವರು ಗಿಟಾರಿಗೆ ಕೊಡುವುದು ಒಂದೇ ಲೈನ್. ಎರಡು ಕೊಡಿ ಅಂದರೆ ಮುಖ ನೋಡುತ್ತಾರೆ. ಕೊಟ್ಟರೂ ಎರಡೂ ಕಡೆಯ ಬಾಕ್ಸಿನಿಂದ ಬರುವುದು ಮೋನೋ, ಅಂದರೆ ಒಂದೇ ಸದ್ದು. ಎಡದಿಂದ ಬಲಕ್ಕೆ ಹಾರುವ ಆ ಚಂದದ ಮರುದನಿ ಕೇಬಲ್ಲಿನಲ್ಲೇ ಉಳಿಯಿತು.

ಪ್ರಿಸೆಟ್ ವಿಷಯಕ್ಕೆ ಬರೋಣ. ಇಲ್ಲಿ ನಿಮ್ಮ ಎರಡು ಕೆಲಸಗಳೂ ಬೇರೆ ಬೇರೆ. ಬ್ಯಾಂಡಿನಲ್ಲಿ ಡ್ರಮ್ಮರ್ ಇದ್ದಾನೆ, ಕೀಬೋರ್ಡಿನ ರಿದಮ್ ಇದೆ. ಹಾಡಿನ ವೇಗ ಗಟ್ಟಿ. ನಿಮಿಷಕ್ಕೆ 100 ಬೀಟ್ ಇದ್ದರೆ ಒಂದು ಬೀಟಿಗೆ 600 ಮಿಲಿಸೆಕೆಂಡ್, ಅದರ ಮುಕ್ಕಾಲು 450. ಆ 450ಕ್ಕೆ ಡಿಲೇ ಇಟ್ಟು ಸಣ್ಣ ಸಣ್ಣ ಸ್ವರ ಬಿಟ್ಟರೆ ಒಬ್ಬರೇ ಇಬ್ಬರಂತೆ ಕೇಳಿಸುತ್ತೀರಿ. ಇಂಥ ಲೆಕ್ಕವನ್ನು ಹಾಡಿಗೊಂದರಂತೆ ಪ್ರಿಸೆಟ್‌ನಲ್ಲಿ ಕಟ್ಟಿಡಬಹುದು, ಒಪ್ಪಿದೆ. ಚರ್ಚಿನಲ್ಲಿ ಹಾಗಲ್ಲ. ಡ್ರಮ್ ಇಲ್ಲ. ಪಲ್ಲವಿಯಲ್ಲಿ ಎಲ್ಲರೂ ಸೇರಿ ಎಳೆಯುತ್ತಾರೆ, ಚರಣದಲ್ಲಿ ಓಡುತ್ತಾರೆ. ಪೆಡಲ್‌ಗೆ 450 ನೆನಪಿರುತ್ತದೆ, ಗಾಯನ ತಂಡಕ್ಕೆ ಇರುವುದಿಲ್ಲ! ಅಲ್ಲಿ ಬೇಕಾದದ್ದು ಟ್ಯಾಪ್ ಟೆಂಪೋ ಮಾತ್ರ. ಹಾಡಿನ ಜೊತೆ ಕಾಲಿನಿಂದ ನಾಲ್ಕು ಸಲ ತಟ್ಟಿದರೆ ಡಿಲೇ ತಾನೇ ಹೊಂದಿಕೊಳ್ಳುತ್ತದೆ. ನಿಮ್ಮ ಪುಟ್ಟ ಪೆಡಲ್‌ನಲ್ಲಿ ಇದು ಇಲ್ಲದಿದ್ದರೆ, ನಿಮಗೆ ನಿಜವಾಗಿ ಇರುವ ಕೊರತೆ ಇದೊಂದೇ.

ಆದ್ದರಿಂದ ನನ್ನ ಸಲಹೆ: 2019ರಲ್ಲಿ ಬಂದ ಬಾಸ್ ಡಿಡಿ-200 ನೋಡಿ. ಬೆಲೆ ಟೈಮ್‌ಲೈನ್‌ನ ಅರ್ಧದ ಆಸುಪಾಸು. ಅದರಲ್ಲೂ ಹನ್ನೆರಡು ಮೋಡ್ ಇವೆ, ಟ್ಯಾಪ್ ಮಾಡಲು ಸ್ವಿಚ್ ಇದೆ, ಬಟನ್ನಿನಿಂದ ತೆಗೆಯುವ ನಾಲ್ಕು ಮೆಮೊರಿ ಇವೆ. ರೋಸ್‌ಗೂ ರಿಸೆಪ್ಶನ್‌ಗೂ ನಾಲ್ಕು ಸಾಕೋ ಸಾಕು. ಅದೂ ಜಾಸ್ತಿ ಅನಿಸಿದರೆ ಡಿಡಿ-8 ಇದೆ, ಪುಟ್ಟ ಡಬ್ಬಿ. ಮೆಮೊರಿ ಬೇಡ, ಬೆಚ್ಚಗಿನ ಒಂದೇ ಸೌಂಡ್ ಸಾಕು ಅನ್ನುವವರಿಗೆ ಎಂಎಕ್ಸ್‌ಆರ್ ಕಾರ್ಬನ್ ಕಾಪಿ ಚಂದ. 600 ಮಿಲಿಸೆಕೆಂಡ್ ಅನಲಾಗ್. ಆದರೆ ಮೂಲ ಮಾಡೆಲ್‌ನಲ್ಲಿ ಟ್ಯಾಪ್ ಇಲ್ಲ, ಹಾಗಾಗಿ ನಿಮಗೆ ಆಗುವುದಿಲ್ಲ.

ಮಿಕ್ಕ ಹಣದಲ್ಲಿ ಮೊದಲು ಒಳ್ಳೆಯ ಪವರ್ ಸಪ್ಲೈ ತೆಗೆದುಕೊಳ್ಳಿ. ಇದನ್ನು ಯಾರೂ ಹೇಳುವುದಿಲ್ಲ. ಒಂದೇ ಅಡಾಪ್ಟರಿಗೆ ಕವಲು ವಯರ್ ಹಾಕಿ ಐದು ಪೆಡಲ್ ಓಡಿಸುತ್ತಾರೆ, ಆಮೇಲೆ ಗುಂಯ್ ಅನ್ನುತ್ತದೆ ಅಂತ ಪೆಡಲ್‌ಗೆ ಬೈಯುತ್ತಾರೆ. ಟೈಮ್‌ಲೈನ್ ಒಂದಕ್ಕೇ 9 ವೋಲ್ಟ್‌ನಲ್ಲಿ 300 ಮಿಲಿಆಂಪ್ ಬೇಕು. ಸಾಮಾನ್ಯ ಸಪ್ಲೈಯ 100 ಮಿಲಿಆಂಪ್ ತೂತಿಗೆ ಸಿಕ್ಕಿಸಿದರೆ ಅದು ಸರಿಯಾಗಿ ಓಡುವುದೇ ಇಲ್ಲ. ಪ್ರತಿ ತೂತೂ ಬೇರೆ ಬೇರೆ ಇರುವ, ಅಂದರೆ ಐಸೋಲೇಟೆಡ್ ಸಪ್ಲೈ ಕೇಳಿ. ಚರ್ಚಿನ ಹಬ್ಬಕ್ಕೆ ಬಯಲಿನಲ್ಲಿ ಜನರೇಟರ್ ಮೇಲೆ ನುಡಿಸಿದವರಿಗೆ ಇದರ ಬೆಲೆ ಗೊತ್ತು.

ಹಾಗಂತ ಟೈಮ್‌ಲೈನ್ ದಂಡ ಅಂತಲ್ಲ. ಹಾಡುಗಾರರಿಲ್ಲದೆ ಬರೀ ಗಿಟಾರಿನ ಕಾರ್ಯಕ್ರಮ ಕೊಡುವವರು, ಒಂದು ಸಂಜೆಗೆ ಇಪ್ಪತ್ತು ಬಗೆಯ ಸೌಂಡ್ ಬೇಕಾದವರು, ಎರಡು ಆಂಪ್ ಇಟ್ಟು ನುಡಿಸುವವರು, ಸ್ವಂತ ಸಂಗೀತ ಮಾಡುವವರು ಕೊಂಡರೆ ನಾನು ಬೇಡ ಅನ್ನುವುದಿಲ್ಲ. ವರ್ಷಗಟ್ಟಲೆ ಬಾಳುವ ವಸ್ತು, ಮಾರಿದರೂ ಒಳ್ಳೆ ಬೆಲೆ ಬರುತ್ತದೆ. ಮನೆಯಲ್ಲಿ ಕೂತು ರೆಕಾರ್ಡಿಂಗ್ ಮಾತ್ರ ಮಾಡುವವರಿಗೆ ಕಂಪ್ಯೂಟರಿನ ಪ್ಲಗಿನ್ (ಡಿಲೇ ಕೊಡುವ ಸಾಫ್ಟ್‌ವೇರ್) ಸಾಕು, ಅಲ್ಲಿ ಕಾಲಿಗೆ ಕೆಲಸವೇ ಇಲ್ಲ, ಅಲ್ವಾ?

ಇಷ್ಟು ಹೇಳಿದರೂ ಮನಸ್ಸು ಕೇಳುವುದಿಲ್ಲ ಅಂತ ಗೊತ್ತು. ಬೆಂಗಳೂರಿನದನ್ನೇ ನೋಡಲು ಹೋಗುವುದಾದರೆ ನಿಮ್ಮ ಗಿಟಾರ್, ನಿಮ್ಮ ಹಳೆ ಪೆಡಲ್ ಎರಡನ್ನೂ ಒಯ್ಯಿರಿ. ಎರಡರಲ್ಲೂ ಒಂದೇ ಸಮಯ, ಒಂದೇ ಪ್ರಮಾಣ ಇಟ್ಟು ಒಂದೇ ಸಾಲು ನುಡಿಸಿ. ಜೊತೆಗಿದ್ದವರು ಯಾವುದು ಯಾವುದೆಂದು ಹೇಳದೆ ಬದಲಾಯಿಸಲಿ. ನೀವು ಪೆಡಲ್ ಕಡೆ ಬೆನ್ನು ಹಾಕಿ ನಿಲ್ಲಿ, ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದೆಯೇ ನೋಡಿ. ಇನ್ನು ಪೆಡಲ್ ಪರೀಕ್ಷೆ. ಮೂರೂ ಸ್ವಿಚ್ ಒತ್ತಿ ನೋಡಿ, ಒಂದು ಒತ್ತಿಗೆ ಎರಡು ಸಲ ಕೆಲಸ ಮಾಡಬಾರದು. ಜ್ಯಾಕ್ ಅಲ್ಲಾಡಿಸಿ, ಕರಕರ ಅನ್ನಬಾರದು. ಗುಬ್ಬಿ ಪೂರ್ತಿ ತಿರುಗಿಸಿ, ಡಿಸ್ಪ್ಲೇ ಸರಿಯಾಗಿ ಬದಲಾಗಬೇಕು. ಮೂಲ ಬಿಲ್ ಕೇಳಿ.

ಭಾವ ತರುವುದಾದರೆ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಲಿ. ಇಲ್ಲದಿದ್ದರೆ ಪ್ರತಿ ರಿಪೇರಿಗೂ ಅವರ ಮುಂದಿನ ರಜೆ ಕಾಯಬೇಕು.

ಪ್ರಶ್ನೆ: ಡಿಲೇ ಪೆಡಲ್ ಡಿಸ್ಟಾರ್ಷನ್‌ಗಿಂತ (ಗಿಟಾರಿನ ಸದ್ದನ್ನು ಒರಟು ಮಾಡುವ ಪೆಡಲ್) ಮುಂಚೆ ಹಾಕಬೇಕೋ, ಆಮೇಲೋ? ನಮ್ಮ ಕಾಲೇಜು ಬ್ಯಾಂಡಿನಲ್ಲಿ ಇದಕ್ಕೇ ಜಗಳ.

— ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಆಮೇಲೆ. ಮುಂಚೆ ಹಾಕಿದರೆ ಮರುದನಿಗಳೂ ಡಿಸ್ಟಾರ್ಷನ್ ಒಳಗೆ ಹೋಗಿ ಒಂದರ ಮೇಲೊಂದು ಕಲಸಿಕೊಳ್ಳುತ್ತವೆ. ಅದೇ ಬೇಕು ಅನ್ನುವವರೂ ಇದ್ದಾರೆ, ನಿಮ್ಮ ಬ್ಯಾಂಡಿನಲ್ಲೂ ಒಬ್ಬರಿದ್ದಾರೆ ಅಂತ ಕಾಣುತ್ತದೆ. ಅವರಿಗೆ ಒಂದು ಹಾಡು ಬಿಟ್ಟುಕೊಡಿ.

ಪ್ರಶ್ನೆ: ನಮ್ಮ ಮನೆ ಮಲ್ಪೆ ಕಡಲಿನ ಹತ್ತಿರ. ಮಳೆಗಾಲ ಬಂತೆಂದರೆ ಪೆಡಲ್‌ನ ಜ್ಯಾಕ್ ಎಲ್ಲ ಕರಕರ. ತೆಂಗಿನೆಣ್ಣೆ ಹಚ್ಚಬಹುದಾ?

— ಓದುಗರು, ಮಲ್ಪೆ

ಉತ್ತರ: ತೆಂಗಿನೆಣ್ಣೆ ತಲೆಗೆ ಇರಲಿ. ಅದು ಧೂಳು ಹಿಡಿಯುತ್ತದೆ, ಅಂಟಾಗುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಿಗುತ್ತದೆ. ಕರೆಂಟ್ ತೆಗೆದು, ಜ್ಯಾಕ್ ಒಳಗೆ ಚೂರು ಹೊಡೆದು, ಕೇಬಲ್ಲಿನ ಪ್ಲಗ್ ಹಾಕಿ ತೆಗೆದು ಮಾಡಿ. ಒಣಗಿದ ಮೇಲೆ ಆನ್ ಮಾಡಿ. ಉಪ್ಪು ಗಾಳಿಗೆ ಪ್ಲಗ್ ಮೇಲೂ ಕಲೆ ಕೂರುತ್ತದೆ, ಅದನ್ನೂ ಒರೆಸಿ. ಪೆಡಲ್‌ಗಳನ್ನು ಮುಚ್ಚಳ ಗಟ್ಟಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಒದ್ದೆ ಬ್ಯಾಗಿನಲ್ಲಿ ಬಿಡಬೇಡಿ. ಒಳಗೆ ಬ್ಯಾಟರಿ ಹಾಕಿದ್ದರೆ ಜೂನ್‌ಗೆ ಮೊದಲೇ ತೆಗೆದುಬಿಡಿ. ಅದು ಸೋರಿದರೆ ಸ್ಪ್ರೇಯಿಂದ ಸರಿಹೋಗುವುದಿಲ್ಲ.